ಮಂಡಿ ಬದಲಿ ಪ್ಯಾಕೇಜಿನ ಡಿಸ್ಚಾರ್ಜ್: ಕೊಡಗಿನ ಮನೆಗೆ ಹೊಂದುತ್ತದೆಯೇ?

ಮಂಡಿ ಬದಲಿಸಿಕೊಳ್ಳಲು ಕೊಡಗಿನಿಂದ ಮೈಸೂರಿಗೆ ಹೋಗುವವರು ಬಹಳ. ಅಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಪ್ಯಾಕೇಜಿನಲ್ಲಿ ರೋಗಿಯನ್ನು ಮನೆಗೆ ಕಳಿಸುವ ವ್ಯವಸ್ಥೆ ಹೇಗಿದೆ ಎಂಬುದಷ್ಟೇ ಇಲ್ಲಿನ ವಿಷಯ. ಆಪರೇಷನ್ ಬಗ್ಗೆ ತಕರಾರಿಲ್ಲ. ಡಿಸ್ಚಾರ್ಜಿಗೆ ಐದರಲ್ಲಿ ಮೂರು ಅಂಕ.

ಔಷಧದ ಚೀಟಿ ಅಚ್ಚುಕಟ್ಟಾಗಿದೆ, ಕನ್ನಡದಲ್ಲಿದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ಯಾವ ತಾರೀಖಿನವರೆಗೆ ಎಂದು ಬರೆದೇ ಕೊಡುತ್ತಾರೆ. ಇದು ದೊಡ್ಡ ಉಪಕಾರ. ಸಾಮಾನ್ಯವಾಗಿ ಮಂಡಿಗೆ ಎರಡು ವಾರ, ಸೊಂಟದ ಕೀಲಿಗೆ ಐದು ವಾರದವರೆಗೆ ಬೇಕಾಗುವ ಈ ಮಾತ್ರೆಯನ್ನು, ನೋವು ಇಳಿಯಿತೆಂದು ನೋವಿನ ಮಾತ್ರೆಯ ಜೊತೆಗೇ ಬಿಟ್ಟುಬಿಡುವವರು ಎಷ್ಟೋ ಜನ. 10ರಿಂದ 14ನೇ ದಿನದೊಳಗೆ ಹೊಲಿಗೆಯನ್ನು ಊರ ಹತ್ತಿರವೇ ತೆಗೆಸಲು ಪತ್ರವನ್ನೂ ಕೊಡುತ್ತಾರೆ. ಮಡಿಕೇರಿಯವರಿಗೆ ಸುಮಾರು 120 ಕಿ.ಮೀ. ಪ್ರಯಾಣ ಉಳಿಯಿತು.

ಎಡವುವುದು ಮನೆಯ ವಿಚಾರದಲ್ಲಿ. ಮನೆ ಹೇಗಿದೆ ಎಂದು ಕೇಳುವುದೇ ಹೊರಡುವ ಹಿಂದಿನ ಸಂಜೆ, ಅದೂ ಲಿಫ್ಟ್ ಇದೆಯೇ, ಎಷ್ಟನೇ ಮಹಡಿ ಎಂದು. ತೋಟದ ಮನೆಗೆ ಕೇಳಬೇಕಾದ್ದು ಬೇರೆ: ಕಾರು ನಿಲ್ಲುವ ಜಾಗದಿಂದ ಜಗಲಿಗೆ ಎಷ್ಟು ದೂರ, ಎಷ್ಟು ಮೆಟ್ಟಿಲು, ಹಿಡಿಯಲು ಕಂಬಿ ಇದೆಯೇ, ಕಕ್ಕಸು ಒಳಗೋ ಹೊರಗೋ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ. ವಾಕರ್‌ನ ನಾಲ್ಕು ರಬ್ಬರ್ ಬುಷ್‌ಗಳಲ್ಲಿ ಒಂದು ಸವೆದಿದ್ದರೂ ಅಲ್ಲಿ ಜಾರುತ್ತದೆ. ಪಾಚಿ ಉಜ್ಜಿಸುವುದು, ಕಂಬಿ ಹಾಕಿಸುವುದು ಆಪರೇಷನ್ನಿಗೆ ಮೊದಲೇ ಆಗಬೇಕಾದ ಕೆಲಸ. ರೋಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಆಚಾರಿಯನ್ನು ಹುಡುಕಲಾಗದು.

ಮೆಟ್ಟಿಲು ಹತ್ತುವುದನ್ನು ಕಲಿಸುತ್ತಾರೆ, ಸರಿಯಾಗಿಯೇ ಕಲಿಸುತ್ತಾರೆ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಆದರೆ ಅಭ್ಯಾಸವೆಲ್ಲ ಎರಡೂ ಕಡೆ ಕಂಬಿ ಇರುವ ಮೆಟ್ಟಿಲ ಮೇಲೆ. ಒಂದೇ ಕಡೆ ಕಂಬಿ, ಇನ್ನೊಂದು ಕೈಗೆ ಕೋಲು ಎಂದು ಕೇಳಿ ಮಾಡಿಸಿಕೊಳ್ಳಿ. ಮನೆಯಲ್ಲಿ ಜೊತೆಗಿರುವವರೂ ಆಗ ಅಲ್ಲಿರಲಿ.

ಪ್ಯಾಕೇಜಿನ ವಾಕರ್ ಗಟ್ಟಿಯಾಗಿದೆ. ಅದರ ಎತ್ತರವನ್ನು ಮಾತ್ರ ನೀವೇ ನೋಡಿಕೊಳ್ಳಬೇಕು: ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಬರಬೇಕು. ನಾಲ್ಕೂ ಕಾಲಿನ ಗುಂಡಿ ಒಂದೇ ಸಾಲಿನ ತೂತಿನಲ್ಲಿ ಕೂತಿದೆಯೇ ನೋಡಿ. ಹಳೆಯ ಮನೆಗಳ ಬಚ್ಚಲ ಬಾಗಿಲು ಕಿರಿದು, ಆದ್ದರಿಂದ ಅಗಲವನ್ನು ಮೊದಲೇ ಅಳೆದುಕೊಂಡು ಹೋಗಿ. ಕಮೋಡ್ ಎತ್ತರಿಸುವ ಸೀಟು ಕೂಡ ಕೊಡುತ್ತಾರೆ. ನೆಲಮಟ್ಟದ ಕಕ್ಕಸಿರುವ ಮನೆಗೆ ಅದರಿಂದ ಪ್ರಯೋಜನವಿಲ್ಲ. ಬದಲಿಗೆ ಕಮೋಡ್ ಕುರ್ಚಿ ಕೇಳಿ.

ದಾರಿಯ ಬಗ್ಗೆ ಚೀಟಿಯಲ್ಲಿ ಒಂದು ಸಾಲೂ ಇಲ್ಲ. ಹೊರಡುವ ಅರ್ಧ ಮುಕ್ಕಾಲು ಗಂಟೆ ಮೊದಲು ನೋವಿನ ಮಾತ್ರೆ, ಮುಂದಿನ ಸೀಟು ಪೂರ್ತಿ ಹಿಂದಕ್ಕೆ, ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ, ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು. ಕುಶಾಲನಗರ ದಾಟಿ ಮಡಿಕೇರಿಯ ತಿರುವು ಶುರುವಾಗುವ ಮೊದಲು ಒಮ್ಮೆ ನಿಲ್ಲಿಸಲೇಬೇಕು.

ಇನ್ನೊಂದು ಕೊರತೆ ಗಂಭೀರವಾದದ್ದು. ಮಂಡಿಯ ಕೆಳಗೆ ದಿಂಬಿಡಬೇಡಿ, ಹಿಮ್ಮಡಿಯ ಕೆಳಗೆ ಟವೆಲ್ ಸುರುಳಿ ಇಡಿ ಎಂದು ಹೇಳುತ್ತಾರೆ; ಎಣ್ಣೆ ತಿಕ್ಕಬೇಡಿ ಎಂದು ಹೇಳುವುದಿಲ್ಲ. ಚಳಿಗೆ ಕಾಲು ಸೆಳೆಯಿತೆಂದು ಬಿಸಿ ಎಣ್ಣೆ ಹಚ್ಚಿ ಮೀನಖಂಡ ನೀವುವುದು ನಮ್ಮ ಕಡೆ ಮಾಮೂಲು. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ನೀವಿದಾಗ ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಮೀನಖಂಡ ಊದಿ ನೋಯುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ 108. ಚೀಟಿಯಲ್ಲಿರುವುದು ಮೈಸೂರಿನ ಫೋನ್ ನಂಬರ್ ಒಂದೇ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೂ ಮನೆಯವರಿಗೆ ತಿಳಿದಿರುವಂತೆ, ತುರ್ತಿಗೆ ಹೋಗಬೇಕಾದ ಹತ್ತಿರದ ಆಸ್ಪತ್ರೆಯ ಹೆಸರನ್ನು ಅದರ ಮೇಲೇ ಬರೆಸಿಕೊಂಡು ಬನ್ನಿ.