ಊನೊ ಕೊಳ್ಳುವುದೋ, ಇಎಸ್‌ಪಿ32 ಕೊಳ್ಳುವುದೋ?

ಎಂಟನೆಯ ತರಗತಿಯ ಮಗಳಿಗೆ ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರಸ್ತೆಯಿಂದ ಯಾವ ಬೋರ್ಡ್ ತರಲಿ ಎಂದು ಡೊಂಬಿವಿಲಿಯಿಂದ ಕೇಳಿದ್ದೀರಿ. ಊನೊ, ಇಎಸ್‌ಪಿ32 ಎರಡೂ ಪ್ರೋಗ್ರಾಂ ತುಂಬಿ ಎಲ್‌ಇಡಿ, ಮೋಟಾರು, ಸೆನ್ಸರ್‌ಗಳನ್ನು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್‌ಗಳು.

ಬೆಲೆಯಲ್ಲಿ ಅಸಲಿ ಆರ್ಡುಯಿನೊ ಊನೊ ದುಬಾರಿ. ಅದರ ನಕಲು ಮತ್ತು ಇಎಸ್‌ಪಿ32 ಎರಡೂ ಅಗ್ಗ. ಕಲಿಕೆಗೆ ನಕಲು ಧಾರಾಳವಾಗಿ ಸಾಕು.

ತಾಳಿಕೆಯ ಮಾತು ಬೇರೆ. ಊನೊದ ಆರ್3 ಮಾದರಿ ನಡೆಯುವುದು 5 ವೋಲ್ಟ್‌ನಲ್ಲಿ. ಚಿಪ್ ಸಾಕೆಟ್‌ನಲ್ಲಿರುವ ಮಾದರಿ ಕೊಂಡರೆ, ಸುಟ್ಟಾಗ ಚಿಪ್ ಮಾತ್ರ ಬದಲಿಸಬಹುದು. ಇಎಸ್‌ಪಿ32 ಪಿನ್‌ಗಳಿಗೆ 3.3 ವೋಲ್ಟ್ ಮಿತಿ. ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರ್‌ನ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ. ಅದನ್ನು ಇಎಸ್‌ಪಿ32ರ ಮಿತಿಗೆ ತಗ್ಗಿಸಲು ನಡುವೆ ಎರಡು ರೆಸಿಸ್ಟರ್ ಹಾಕಲೇಬೇಕು. ಅವಸರದ ಮಕ್ಕಳು ಇಲ್ಲಿಯೇ ಎಡವುತ್ತಾರೆ.

ಎಲ್‌ಇಡಿ, ಮೋಟಾರುಗಳಿಂದ ಕಲಿಕೆ ಶುರುವಾಗುವುದಾದರೆ ಊನೊ. ತಾರಸಿಯ ತೊಟ್ಟಿಯ ನೀರಿನ ಮಟ್ಟ ಮೊಬೈಲ್‌ನಲ್ಲಿ ಕಾಣಬೇಕೆಂದರೆ ವೈಫೈ ಇರುವ ಇಎಸ್‌ಪಿ32; ಊನೊ ಆರ್3ರ 2 ಕೆಬಿ ರ‍್ಯಾಮ್ ಎದುರು ಇದಕ್ಕೆ 520 ಕೆಬಿ. ಯಾವುದನ್ನೇ ತನ್ನಿ, ಡೇಟಾ ಹಾಯುವ ಯುಎಸ್‌ಬಿ ಕೇಬಲ್ ಕೇಳಿ ಪಡೆಯಿರಿ. ಕೆಲವು ಚಾರ್ಜಿಂಗ್‌ಗಷ್ಟೇ ಆಗುತ್ತವೆ.