ಹಿಮೋಫಿಲಿಯಾ ಮನೆತನಗಳಿಗೆ ತುಮಕೂರಿನ ಒಂದು ಸಲಹಾ ಕ್ಲಿನಿಕ್: ಲೆಕ್ಕ ಗಟ್ಟಿ, ಲ್ಯಾಬ್ ಸಡಿಲ

ಹಿಮೋಫಿಲಿಯಾ ಎಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ, ವಂಶದಲ್ಲಿ ಇಳಿದುಬರುವ ಕಾಯಿಲೆ. ತುಮಕೂರಿನ ಈ ಖಾಸಗಿ ಕ್ಲಿನಿಕ್ಕಿನ ಆನುವಂಶಿಕ ಸಲಹಾ ಸೇವೆಯಲ್ಲಿ ಮೆಚ್ಚಬೇಕಾದ್ದು ವಂಶವೃಕ್ಷ ಬರೆದುಕೊಳ್ಳುವ ರೀತಿ. ಮೂರು ತಲೆಮಾರು ಕೇಳುತ್ತಾರೆ. ತಾಯಿಯ ಕಡೆಯದನ್ನಂತೂ ಕೆದಕಿ ಕೇಳುತ್ತಾರೆ: ಸೋದರಮಾವಂದಿರು, ದೊಡ್ಡಮ್ಮ ಚಿಕ್ಕಮ್ಮಂದಿರ ಗಂಡುಮಕ್ಕಳು, ಹಲ್ಲು ಕೀಳಿಸಿದಾಗ ರಕ್ತ ನಿಲ್ಲದವರು. ಇದರ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ತಾಯಿ ವಾಹಕಿಯಾದರೆ (ಎರಡು ಎಕ್ಸ್‌ಗಳಲ್ಲಿ ಒಂದರಲ್ಲಿ ದೋಷ ಹೊತ್ತವಳು) ಪ್ರತಿ ಮಗನಿಗೆ ಕಾಯಿಲೆ ಬರುವ, ಪ್ರತಿ ಮಗಳು ವಾಹಕಿಯಾಗುವ ಸಾಧ್ಯತೆ ಶೇ. 50. ತಂದೆಗೆ ಕಾಯಿಲೆಯಿದ್ದರೆ ಹೆಣ್ಣುಮಕ್ಕಳೆಲ್ಲ ವಾಹಕಿಯರು; ಗಂಡುಮಕ್ಕಳಿಗೆ ಅಪ್ಪನಿಂದ ಸಿಗುವುದು ವೈ ವರ್ಣತಂತು, ಹಾಗಾಗಿ ಅವನ ಕಾಯಿಲೆ ಅವರಿಗಿಲ್ಲ. ಅಕ್ಕನ ಮಗಳನ್ನು ತರುವ ನಮ್ಮ ಸೀಮೆಗೆ ಬೇಕಾದ ಲೆಕ್ಕವನ್ನೂ ಬಿಡಿಸಿ ಹೇಳುತ್ತಾರೆ: ಕಾಯಿಲೆಯಿಲ್ಲದ ಮಾವ ಅದನ್ನು ದಾಟಿಸಲಾರ, ಕಾಯಿಲೆಯಿರುವವನಿಗೆ ವಾಹಕಿ ಹುಡುಗಿ ಬಂದರೆ ಹೆಣ್ಣುಮಗುವಿಗೂ ಬರಬಹುದು.

ಕೊರತೆ ಲ್ಯಾಬಿನದು. ವಾಹಕಿ ಹೌದೋ ಅಲ್ಲವೋ ನೋಡಲು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಫ್ಯಾಕ್ಟರ್ 8ರ ಮಟ್ಟವನ್ನಷ್ಟೇ ಅಳೆಯುತ್ತಾರೆ. ಅನೇಕ ವಾಹಕಿಯರಲ್ಲಿ ಅದು ಸಹಜವಾಗಿಯೇ ಇರುತ್ತದೆ, ಬಸುರಿಯಲ್ಲಿ ಏರುತ್ತದೆ ಕೂಡ. ‘ನಾರ್ಮಲ್’ ಎಂಬ ವರದಿ ನಂಬಿದರೆ ಕೆಟ್ಟಿತು. ಮೊದಲು ಕಾಯಿಲೆಯಿರುವ ಹುಡುಗನ ಜೀನ್ ಪರೀಕ್ಷೆ ಆಗಬೇಕು (ಫ್ಯಾಕ್ಟರ್ 8 ಕೊರತೆಯ ಎ ಬಗೆ ತೀವ್ರವಾಗಿದ್ದರೆ ಇಂಟ್ರಾನ್ 22ರ ತಲೆಕೆಳಗು ದೋಷ, ಅಂದರೆ ಆ ಜೀನಿನ ಒಂದು ತುಂಡು ತಿರುಗಿ ಕೂತಿರುವುದು, ಅದರಿಂದ ಶುರು), ಆಮೇಲೆ ಅದೇ ದೋಷವನ್ನು ತಾಯಿ, ಅಕ್ಕತಂಗಿಯರಲ್ಲಿ ಹುಡುಕಬೇಕು. ಜೀನ್ ಪರೀಕ್ಷೆಯ ರಕ್ತಕ್ಕೆ ಇಡಿಟಿಎ ಟ್ಯೂಬ್ (ಇಡಿಟಿಎ, ಸಿಟ್ರೇಟ್ ಎರಡೂ ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿನಲ್ಲಿ ಹಾಕಿರುವ ರಾಸಾಯನಿಕ). ಫ್ಯಾಕ್ಟರಿಗೆ ಸಿಟ್ರೇಟ್ ಟ್ಯೂಬ್, ಗೆರೆ ಮುಟ್ಟುವಷ್ಟು ತುಂಬಿ. ಇಲ್ಲಿ ಅರ್ಧ ತುಂಬಿದ್ದನ್ನೂ ಕಳಿಸುತ್ತಾರೆ, ಮಟ್ಟ ಸುಳ್ಳಾಗಿ ಕಡಿಮೆ ಬರುತ್ತದೆ.

ಭ್ರೂಣದ ಪರೀಕ್ಷೆಗೆ 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ ನೋಂದಾಯಿತ ಕೇಂದ್ರದಲ್ಲಿ ಅವಕಾಶ ಕೊಟ್ಟಿದೆ, ಲಿಂಗ ಹೇಳುವಂತಿಲ್ಲ. ಕೋರಿಯಾನಿಕ್ ವಿಲ್ಲಸ್ (ಮಾಸಿನ ಚೂರು) ಮಾದರಿ ತೆಗೆಯುವುದು ಬಸುರಿನ 11ರಿಂದ 13ನೇ ವಾರದೊಳಗೆ. ಮನೆತನದ ಜೀನ್ ವರದಿ ಬಸುರಿಗೆ ಮೊದಲೇ ಕೈಲಿರಲಿ.