ತೊಂಡೆ ಚಪ್ಪರಕ್ಕೆ 12 ಗೇಜ್ ಜಿಐ ತಂತಿ ಮತ್ತು ಟರ್ನ್‌ಬಕಲ್

ಬದಿಯಡ್ಕ, ಪೆರ್ಲ ಕಡೆ ತೊಂಡೆ, ಬಸಳೆ ಚಪ್ಪರ ಹಾಕುವವರಿದ್ದರೆ ಮೊದಲೇ ಹೇಳಿಬಿಡುತ್ತೇನೆ: 14 ಗೇಜ್ ಬೇಡ, 12 ಗೇಜ್ ಜಿಐ (ಸತು ಲೇಪಿಸಿದ ಉಕ್ಕಿನ) ತಂತಿಯನ್ನೇ ತಗೊಳ್ಳಿ. ಗೇಜ್ ಅಂಕೆ ಹೆಚ್ಚಿದಷ್ಟೂ ತಂತಿ ತೆಳು. ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ತಂದದ್ದು. ತಂತಿಗೆ ಐದಕ್ಕೆ ಐದು ಕೊಡುತ್ತೇನೆ, ತಿರುಗಿಸಿ ತಂತಿ ಬಿಗಿಯುವ ಟರ್ನ್‌ಬಕಲ್‌ಗೆ ಮೂರೇ.

14 ಗೇಜ್ ಆದರೆ ಕಿಲೋಗೆ ಸುಮಾರು 39 ಮೀಟರ್ ಬರುತ್ತದೆ, 12 ಗೇಜ್ 23 ಮೀಟರ್ ಅಷ್ಟೇ. ಹಾಗಾಗಿಯೇ ಎಲ್ಲರ ಕೈ 14ರ ಸುರುಳಿಗೆ ಹೋಗುವುದು. "ಬಳ್ಳಿ ಹಬ್ಬಿದ ಮೇಲೆ ಜೋಲುತ್ತದೆ ಅಣ್ಣ" ಎಂದು ಅಂಗಡಿಯವರೇ ತಡೆದರು, ಕ್ಯಾಲಿಪರ್ ಹಿಡಿದು ಎರಡನ್ನೂ ಅಳೆದು ತೋರಿಸಿದರು. 12 ಗೇಜ್ 2.64 ಮಿ.ಮೀ. ದಪ್ಪ, 14 ಗೇಜ್ 2.03. ನೋಡಲು ಅಂಥ ವ್ಯತ್ಯಾಸ ಇಲ್ಲ. ಆದರೆ ಭಾರ ಹೊರುವುದು ತಂತಿಯ ಅಡ್ಡಕೊಯ್ತ, ಅದು 5.5 ಚದರ ಮಿ.ಮೀ.ನಿಂದ 3.2ಕ್ಕೆ ಇಳಿಯುತ್ತದೆ. ಅಂದರೆ ಅದೇ ಎಳೆತಕ್ಕೆ ತೆಳು ತಂತಿಯಲ್ಲಿ ಸ್ಟ್ರೆಸ್ (ಪ್ರತಿ ಚದರ ಮಿ.ಮೀ.ಗೆ ಬೀಳುವ ಎಳೆತ) ಸುಮಾರು 1.7 ಪಟ್ಟು.

ಬಳ್ಳಿ ಬಿಡುವ ಮುಂಚೆ ಎರಡನ್ನೂ 10 ಮೀಟರ್ ಅಂತರದ ಕಂಬಗಳಿಗೆ ಕಟ್ಟಿ, ನಡುವೆ 10 ಕಿಲೋ ನೀರಿನ ಕೊಡಪಾನ ತೂಗುಹಾಕಿದೆ. ಗಂಟು ಜಾರಿದರೆ ಗೊತ್ತಾಗಲಿ ಅಂತ ಗಂಟಿನ ಪಕ್ಕ ಪೈಂಟ್ ಗುರುತು ಹಾಕಿದ್ದೆ. ಎರಡೂ ಇಳಿದವು. ಕೊಡಪಾನ ತೆಗೆದ ಮೇಲೆ 12 ಗೇಜ್ ಮೊದಲಿನ ಜಾಗಕ್ಕೇ ವಾಪಸ್ ಬಂತು, 14 ಗೇಜ್ ಸ್ವಲ್ಪ ಜೋತೇ ಉಳಿಯಿತು. ಗಂಟು ಜಾರಿರಲಿಲ್ಲ, ಉದ್ದವಾದದ್ದು ತಂತಿಯೇ. ಎಳೆದಷ್ಟು ಹಿಗ್ಗಿ ಬಿಟ್ಟಾಗ ಹಿಂದೆ ಬರುವುದಕ್ಕೆ ಒಂದು ಮಿತಿ ಇದೆ, ಅದನ್ನು ದಾಟಿದ ತಂತಿ ಮತ್ತೆ ಮೊದಲಿನ ಉದ್ದಕ್ಕೆ ಬರುವುದಿಲ್ಲ. ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ: ಮೆದು ತಂತಿ, ಗಟ್ಟಿ ತಂತಿ ಎರಡೂ ಆ ಮಿತಿಯೊಳಗೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಯಾಕೆಂದರೆ ಉಕ್ಕಿನ ಯಂಗ್ಸ್ ಮಾಡ್ಯುಲಸ್ (ಎಳೆದಾಗ ಹಿಗ್ಗದಂತೆ ತಡೆಯುವ ಗುಣದ ಅಳತೆ) ಹೆಚ್ಚುಕಡಿಮೆ ಒಂದೇ, ಸುಮಾರು 200 ಗಿಗಾಪಾಸ್ಕಲ್. ಗಟ್ಟಿ ತಂತಿಯಲ್ಲಿ ಮಿತಿ ಮೇಲಿರುತ್ತದೆ, ಅಷ್ಟೇ.

ಟರ್ನ್‌ಬಕಲ್ ವಿಷಯ. ತಂದದ್ದು 8 ಮಿ.ಮೀ. ಬೋಲ್ಟಿನದು. ಒಂದು ಕಡೆ ಬಲ ಮರೆ (ಬೋಲ್ಟಿನ ಥ್ರೆಡ್), ಇನ್ನೊಂದು ಕಡೆ ಎಡ ಮರೆ, ಹಾಗಾಗಿ ಒಂದು ಸುತ್ತು ತಿರುಗಿಸಿದರೆ 2.5 ಮಿ.ಮೀ. ಒಳಗೆ ಎಳೆಯುತ್ತದೆ. ಇಷ್ಟೇನಾ ಅನಿಸುತ್ತದೆ ಅಲ್ವಾ? ತಂತಿ ನೇರ ನಿಂತಿದ್ದು ಕಂಬ ಬಾಗದಿದ್ದರೆ, 10 ಮೀಟರ್ ಉದ್ದದ 12 ಗೇಜ್ ತಂತಿಯಲ್ಲಿ ಆ ಒಂದೇ ಸುತ್ತಿಗೆ ಸುಮಾರು 28 ಕಿಲೋ ಎಳೆತ ಏರುತ್ತದೆ. ಮೇ ಬಿಸಿಲಿನಲ್ಲಿ ಸುಮ್ನೆ ಜೋರು ಬಿಗಿದು ಬಿಡಬೇಡಿ. ಮಳೆ ಬಿದ್ದು ತಂತಿ 20 ಡಿಗ್ರಿ ತಣ್ಣಗಾದರೆ ತಾನೇ 2.4 ಮಿ.ಮೀ. ಕುಗ್ಗಲು ನೋಡುತ್ತದೆ, ಹೆಚ್ಚುಕಡಿಮೆ ಇನ್ನೊಂದು ಸುತ್ತು ಬಿಗಿದ ಹಾಗೆ. ಅದರ ಮೇಲೆ ಒದ್ದೆ ಬಳ್ಳಿಯ ಭಾರ ಬೇರೆ. ಮೀಟರಿಗೆ 2 ಕಿಲೋ ಅಂತ ಇಟ್ಟುಕೊಂಡರೂ, ನಡುವೆ ಒಂದು ಗೇಣು, ಅಂದಾಜು 25 ಸೆಂ.ಮೀ. ಜೋಲು ಬಿಟ್ಟರೆ ತಂತಿಯಲ್ಲಿ ಎಳೆತ ಸುಮಾರು 100 ಕಿಲೋ. ಜೋಲನ್ನು ಅರ್ಧ ಮಾಡಿದರೆ 200. ಚಪ್ಪರ ಚಂದ ಕಾಣಬೇಕು ಅಂತ ಹಲಗೆ ಹಾಗೆ ಬಿಗಿದವರ ಮೂಲೆ ಕಂಬ ವಾಲುವುದು ಇದಕ್ಕೇ.

ಎರಡು ಅಂಕ ಯಾಕೆ ಕಡಿಮೆ? ಇದರ ಒಂದು ತುದಿ ತೆರೆದ ಕೊಕ್ಕೆ, ಭಾರ ಏರಿದ ಹಾಗೆ ಬಾಯಿ ಬಿಡುತ್ತದೆ. ಎರಡೂ ಕಡೆ ಬಳೆ ಇರುವ ಮಾದರಿ ಅಂಗಡಿಯಲ್ಲಿ ಇರಲಿಲ್ಲ. ಮರೆಗೂ ನಮ್ಮ ಮಳೆಗೆ ಬೇಗ ತುಕ್ಕು ಹಿಡಿಯುತ್ತದೆ. ಗ್ರೀಸ್ ಮೆತ್ತಿ ಸೈಕಲ್ ಟ್ಯೂಬಿನ ತುಂಡು ಸುತ್ತಿಟ್ಟಿದ್ದೇನೆ. ಬಳೆಯ ಮಾದರಿ ಕಾಸರಗೋಡು, ಕುಂಬಳೆ ಕಡೆ ಎಲ್ಲಾದರೂ ಕಂಡವರಿದ್ದರೆ ತಿಳಿಸಿ.